ಫಲಕದ ಮೇಲೆ ಗ್ಲೈಸಿನ್: ಒಂದು ವಾಕ್ಯದ ಪ್ರಕರಣ ಅಧ್ಯಯನ

ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನಕ್ಕೆಂದು ಕಲಬುರಗಿಯ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ತಯಾರಾಗುತ್ತಿದ್ದ ಕನ್ನಡ ಫಲಕಗಳ ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: ‘2003ರಲ್ಲಿ ವಿಜ್ಞಾನಿಗಳು ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಪತ್ತೆಹಚ್ಚಿದರು.’ ಕರಡನ್ನು ಬರೆದ ಅಂತಿಮ ವರ್ಷದ ವಿದ್ಯಾರ್ಥಿನಿ ಆಧಾರವಿಲ್ಲದೆ ಬರೆದಿರಲಿಲ್ಲ. ಯಿ-ಜೆಂಗ್ ಕುವಾನ್ ಮತ್ತು ಸಂಗಡಿಗರು ಅಂತರತಾರಾ ಗ್ಲೈಸಿನ್ ಕುರಿತ ಪ್ರಬಂಧವನ್ನು ಆ ವರ್ಷ ಆಸ್ಟ್ರೋಫಿಸಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ದರು. ಅದರ ವರದಿಗಳು ಇಂದಿಗೂ ಹುಡುಕಿದವರಿಗೆ ಸುಲಭವಾಗಿ ಸಿಗುತ್ತವೆ. ಎರಡು ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಬಂದ ಮರುಪರಿಶೀಲನೆ ಮಾತ್ರ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆ ವಾಕ್ಯವನ್ನು ಮುದ್ರಣಕ್ಕೆ ಕಳಿಸಬಹುದೇ ಎಂಬ ಪ್ರಶ್ನೆಯನ್ನು ವಿಭಾಗವು ಹೇಗೆ ಪರಿಶೀಲಿಸಿತು, ಯಾವ ಆಧಾರದ ಮೇಲೆ ಏನನ್ನು ನಿರ್ಧರಿಸಿತು ಎಂಬುದರ ದಾಖಲೆ ಇದು.

ಮೊದಲ ಚರ್ಚೆ ಚಿಕ್ಕದಾಗಿತ್ತು. ವಿಭಾಗದ ಮುಖ್ಯಸ್ಥೆ ಕರಡನ್ನು ಓದಿ, ಇದು ಖಚಿತವೇ ಎಂದು ಕೇಳಿದರು. ವಿದ್ಯಾರ್ಥಿನಿಯ ಉತ್ತರ: ‘ಇಪ್ಪತ್ತೇಳು ರೇಖಾ ಕೂಡ್ಯಾವ್ರಿ ಮೇಡಂ, ಅದೂ ಮೂರು ಮೋಡದಾಗ. ಇನ್ನೇನು ಬೇಕ್ರಿ?’ ಅದಕ್ಕೆ ಅವರು, ‘ಕೂಡಿದ್ದು ಎಣಿಸೀದಿ, ಖರೆ. ಕೂಡಲಾರದ್ದು ಎಷ್ಟವ?’ ಎಂದರು. ಮುಂದಿನ ಕೆಲಸವೆಲ್ಲ ಈ ಮರುಪ್ರಶ್ನೆಯಿಂದ ಹೊರಟದ್ದು.

ಪ್ರಶ್ನೆಯ ತೂಕ ತಿಳಿಯಬೇಕಾದರೆ ರೇಖೆಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಹೇಳಬೇಕು. ಅನಿಲರೂಪದ ಅಣುವೊಂದು ತನ್ನ ಸುತ್ತ ತಾನು ತಿರುಗುವಾಗ ಯಾವುದೋ ಒಂದು ವೇಗದಲ್ಲಿ ತಿರುಗಲಾರದು. ಅದಕ್ಕೆ ನಿಗದಿತ ಶಕ್ತಿಯ ಮೆಟ್ಟಿಲುಗಳಿವೆ, ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದಾಗ ನಿಗದಿತ ಆವೃತ್ತಿಯ ರೇಡಿಯೋ ಅಲೆ ಹೊರಬೀಳುತ್ತದೆ. ದೂರದರ್ಶಕದ ದಾಖಲೆಯಲ್ಲಿ ಆ ಆವೃತ್ತಿಯಲ್ಲಿ ಏಳುವ ಮೊನೆಯೇ ‘ರೇಖೆ’. ಅಣುವಿನ ಆಕಾರ ಮತ್ತು ದ್ರವ್ಯರಾಶಿಯ ಹಂಚಿಕೆಯೇ ಈ ಆವೃತ್ತಿಗಳನ್ನು ನಿರ್ಧರಿಸುವುದರಿಂದ, ಪ್ರಯೋಗಾಲಯದಲ್ಲಿ ಅಳೆದ ಆವೃತ್ತಿಗಳನ್ನು ಆಕಾಶದಿಂದ ಬಂದವುಗಳೊಡನೆ ಹೋಲಿಸಿ ಅಣುವನ್ನು ಗುರುತಿಸಬಹುದು. 1963ರಲ್ಲಿ ಹೈಡ್ರಾಕ್ಸಿಲ್, 1968ರಲ್ಲಿ ಅಮೋನಿಯಾ, 1969ರಲ್ಲಿ ನೀರು ಮತ್ತು ಫಾರ್ಮಾಲ್ಡಿಹೈಡ್, 1970ರಲ್ಲಿ ಕಾರ್ಬನ್ ಮಾನಾಕ್ಸೈಡ್ ರೇಡಿಯೋ ಅಲೆಗಳಲ್ಲಿ ಪತ್ತೆಯಾದದ್ದು ಹೀಗೆಯೇ. ಇಂದು ಅಂತರತಾರಾ ಅವಕಾಶದಲ್ಲಿ ಗುರುತಿಸಲಾದ ಅಣುಗಳ ಸಂಖ್ಯೆ 300ನ್ನು ದಾಟಿದೆ. ರಾಮನ್ ಹೆಸರಿನ ದಿನದಂದು ಅಣುಗಳ ರೋಹಿತ ರೇಖೆಗಳ ಬಗ್ಗೆ ಫಲಕ ಹಾಕುವುದು ಉಚಿತವೂ ಆಗಿತ್ತು.

ಚಿಕ್ಕ ಅಣುಗಳ ವಿಷಯದಲ್ಲಿ ಈ ಹೋಲಿಕೆಯಲ್ಲಿ ತಪ್ಪು ನುಸುಳುವುದು ವಿರಳ. ಕಾರ್ಬನ್ ಮಾನಾಕ್ಸೈಡ್‌ನ ಮೊದಲ ರೇಖೆ 115 ಗಿಗಾಹರ್ಟ್ಸ್ ಆಸುಪಾಸಿನಲ್ಲಿದೆ, ಎರಡನೆಯದು ಸುಮಾರು ಅದರ ದುಪ್ಪಟ್ಟಿನಲ್ಲಿ, ನಡುವೆ ಖಾಲಿ. ಹತ್ತು ಪರಮಾಣುಗಳ ಗ್ಲೈಸಿನ್‌ನ ಕಥೆ ಬೇರೆ. ಅದು ಯಾವ ಅಕ್ಷದ ಸುತ್ತಲೂ ಸಮರೂಪಿಯಲ್ಲದ ಕಾರಣ ಅದರ ಶಕ್ತಿ ನೂರಾರು ರೇಖೆಗಳಲ್ಲಿ ಹರಿದು ಹಂಚಿಹೋಗುತ್ತದೆ, ಪ್ರತಿಯೊಂದು ರೇಖೆಯೂ ಮಂಕಾಗುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಗ್ಲೈಸಿನ್ ಅನಿಲಕ್ಕೆ ಒಂದಕ್ಕಿಂತ ಹೆಚ್ಚು ಮಡಿಕೆಯ ರೂಪಗಳಿವೆ. ಅತಿ ಕಡಿಮೆ ಶಕ್ತಿಯ ಮೊದಲ ರೂಪದಲ್ಲಿ ವಿದ್ಯುದಾವೇಶಗಳ ಅಸಮತೋಲನ, ಅಂದರೆ ಡೈಪೋಲ್ ಮೊಮೆಂಟ್, ಸುಮಾರು 1 ಡಿಬೈ ಮಾತ್ರ. ಎರಡನೆಯ ರೂಪದಲ್ಲಿ ಅದು 5 ಡಿಬೈಗೂ ಹೆಚ್ಚು. ರೇಖೆಯ ಬಲ ಈ ಪ್ರಮಾಣದ ವರ್ಗವನ್ನು ಅನುಸರಿಸುವುದರಿಂದ, 1978ರಲ್ಲಿ ಪ್ರಯೋಗಾಲಯಗಳು ಮೊದಲು ಕಂಡದ್ದು ಅಪರೂಪದ ಎರಡನೆಯ ರೂಪವನ್ನೇ. ಹೇರಳವಾದ ಮೊದಲ ರೂಪ ಸಿಕ್ಕಿದ್ದು 1980ರಲ್ಲಿ. ಗ್ಲೈಸಿನ್ ಪುಡಿಯನ್ನು ಕಾಯಿಸಿದರೆ ಆವಿಯಾಗುವುದರ ಜೊತೆಗೆ ಒಡೆದೂ ಹೋಗುವುದರಿಂದ ಈ ಅಳತೆಗಳೇ ಸಾಹಸದವು. ಆಕಾಶದಲ್ಲಿ ಹುಡುಕಾಟ 1979ರಲ್ಲೇ ಶುರುವಾಗಿತ್ತು, ಆದರೆ ಮೊದಮೊದಲ ಪ್ರಯತ್ನಗಳಿಂದ ಏನೂ ಸಿಗಲಿಲ್ಲ.

ಕುವಾನ್ ತಂಡವು ಅರಿಜೋನಾದ ಕಿಟ್ ಪೀಕ್‌ನಲ್ಲಿದ್ದ 12 ಮೀಟರ್ ದೂರದರ್ಶಕವನ್ನು ಮೂರು ಕಡೆಗೆ ತಿರುಗಿಸಿತು: ಆಕಾಶಗಂಗೆಯ ಕೇಂದ್ರದ ಬಳಿಯ ಸ್ಯಾಜಿಟೇರಿಯಸ್ ಬಿ2, ಓರಿಯನ್ ಕೆಎಲ್ ಮತ್ತು ಡಬ್ಲ್ಯೂ51. ಮೂರೂ ಹೊಸ ನಕ್ಷತ್ರಗಳು ಹುಟ್ಟುತ್ತಿರುವ, ಕಾದ ಅನಿಲದ ದಟ್ಟ ಗರ್ಭಗಳು. ಧೂಳಿನ ಕಣಗಳ ಮೇಲಿನ ಹಿಮ ಆವಿಯಾಗಿ ದೊಡ್ಡ ಅಣುಗಳು ಅನಿಲಕ್ಕೆ ಬಂದು ಸೇರುವ ಜಾಗಗಳು. 19 ಆವೃತ್ತಿ ವಲಯಗಳಲ್ಲಿ (ಬ್ಯಾಂಡ್‌ಗಳಲ್ಲಿ) ಗ್ಲೈಸಿನ್‌ನ 27 ರೇಖೆಗಳು ಒಂದಲ್ಲ ಒಂದು ಮೋಡದಲ್ಲಿ ಕಂಡವೆಂದು ತಂಡ ವರದಿ ಮಾಡಿತು. ಪ್ರತಿ ಮೋಡದಲ್ಲೂ 13ರಿಂದ 16 ರೇಖೆಗಳನ್ನು ಬಳಸಿ ತಾಪಮಾನದ ನಕ್ಷೆ ಎಳೆದು, ದೃಷ್ಟಿರೇಖೆಯ ಒಂದು ಚದರ ಸೆಂಟಿಮೀಟರಿಗೆ ಹತ್ತರ 14ನೇ ಘಾತದ ಮಟ್ಟದಲ್ಲಿ ಗ್ಲೈಸಿನ್ ಅಣುಗಳಿವೆ ಎಂದು ಲೆಕ್ಕ ಹಾಕಿತು. ಇದನ್ನು ಉಡಾಫೆಯ ಕೆಲಸ ಎನ್ನುವಂತಿಲ್ಲ. ವರ್ಷಗಟ್ಟಲೆಯ ವೀಕ್ಷಣೆ ಅದರ ಹಿಂದಿತ್ತು. ಒಂದೇ ಮೋಡದ ಸಾಕ್ಷ್ಯ ಸಾಲದೆಂದು ಮೂರನ್ನು ನೋಡಿದ್ದೂ ಎಚ್ಚರಿಕೆಯ ಲಕ್ಷಣವೇ.

ನಮ್ಮ ವಿದ್ಯಾರ್ಥಿಗಳಿಗೆ ದೂರದರ್ಶಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಲೋನ್ ವಿಶ್ವವಿದ್ಯಾಲಯವೂ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯೂ ಅಣುಗಳ ರೇಖೆಗಳ ಪಟ್ಟಿಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಸ್ಯಾಜಿಟೇರಿಯಸ್ ಬಿ2 ಮೋಡದ ಉತ್ತರ ಭಾಗದಿಂದ ಎಷ್ಟು ರೇಖೆಗಳು ಬರುತ್ತವೆ ಎಂಬುದೂ ಪ್ರಕಟಿತ ಸಂಗತಿ. ಆರ್ನೋ ಬೆಲ್ಲೋಶ್ ಮತ್ತು ಸಂಗಡಿಗರು ಸ್ಪೇನಿನ ಪಿಕೊ ವೆಲೆಟಾದಲ್ಲಿರುವ ಐರಾಮ್ ಸಂಸ್ಥೆಯ 30 ಮೀಟರ್ ದೂರದರ್ಶಕದಿಂದ 3 ಮಿಲಿಮೀಟರ್ ತರಂಗಾಂತರದ ಸುತ್ತ ನಡೆಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿ ಸುಮಾರು 3,675 ರೇಖೆಗಳು ಸಿಕ್ಕವು, ಅಂದರೆ ಪ್ರತಿ ಗಿಗಾಹರ್ಟ್ಸ್‌ಗೆ 102. ಅವುಗಳಲ್ಲಿ ಸುಮಾರು 70 ಪ್ರತಿಶತಕ್ಕೆ ಮಾತ್ರ ಒಡೆಯರು ಗೊತ್ತು. ಆ ರೇಖೆಗಳು 56 ಬೇರೆ ಬೇರೆ ಅಣುಗಳಿಗೆ ಸೇರುತ್ತವೆ. ಉಳಿದವು ಯಾವ ಅಣುವಿನವು ಎಂಬುದು ಆಗ ತಿಳಿದಿರಲಿಲ್ಲ.

ಇಲ್ಲಿಂದ ಲೆಕ್ಕ ಸರಳ, ಆದರೆ ಅದರ ಫಲಿತಾಂಶ ವಿದ್ಯಾರ್ಥಿಗಳನ್ನು ಬೆಚ್ಚಿಬೀಳಿಸಿತು. ಆ ಮೋಡದ ಅನಿಲದ ಒಳಚಲನೆಯಿಂದ ಒಂದು ರೇಖೆ ಸೆಕೆಂಡಿಗೆ ಹತ್ತು ಕಿಲೋಮೀಟರಿನಷ್ಟು ಹರಡಿರುತ್ತದೆ ಎಂದುಕೊಂಡರೆ, 100 ಗಿಗಾಹರ್ಟ್ಸ್‌ನಲ್ಲಿ ಅದರ ಅಗಲ ಮೂರು ಮೆಗಾಹರ್ಟ್ಸ್ ಮೀರುತ್ತದೆ. ಸರಾಸರಿ ಹತ್ತು ಮೆಗಾಹರ್ಟ್ಸ್‌ಗೆ ಒಂದು ರೇಖೆ ನಿಂತಿದೆ. ಹಾಗಾದರೆ ಕಣ್ಣು ಮುಚ್ಚಿ ಯಾವುದೋ ಒಂದು ಆವೃತ್ತಿಯನ್ನು ಆರಿಸಿಕೊಂಡರೂ, ಅದಕ್ಕೆ ಒಂದೂವರೆ ಮೆಗಾಹರ್ಟ್ಸ್ ಆಚೀಚೆ ಯಾವುದಾದರೂ ರೇಖೆ ಇರುವ ಸಂಭವ ನೂರಕ್ಕೆ 26ರ ಹತ್ತಿರ. ಅಂದರೆ ಪ್ರಕೃತಿಯಲ್ಲೇ ಇಲ್ಲದ, ನಾವು ಕಾಗದದ ಮೇಲೆ ಹುಟ್ಟಿಸಿದ ಅಣುವೊಂದಕ್ಕೆ ನೂರು ಆವೃತ್ತಿಗಳ ಪಟ್ಟಿ ಬರೆದರೆ, ಅವುಗಳಲ್ಲಿ ಇಪ್ಪತ್ತಾರರಷ್ಟು ‘ಕೂಡಿಬಿಡುತ್ತವೆ’. 2003ರ ವೀಕ್ಷಣೆಗಳು 30 ಮೀಟರ್ ದೂರದರ್ಶಕದಷ್ಟು ಸೂಕ್ಷ್ಮವಾಗಿರಲಿಲ್ಲ, ಅಷ್ಟು ರೇಖೆಗಳು ಅದಕ್ಕೆ ಕಂಡಿರಲಾರವು, ಆದ್ದರಿಂದ ಈ ಅನುಪಾತವನ್ನು ಹಾಗೆಯೇ ಆ ಪ್ರಬಂಧಕ್ಕೆ ಅಂಟಿಸುವುದು ಅನ್ಯಾಯವಾಗುತ್ತದೆ. ಆದರೂ ಇಪ್ಪತ್ತೇಳು ಎಂಬ ಸಂಖ್ಯೆಗೆ ತನ್ನಷ್ಟಕ್ಕೆ ಬೆಲೆಯಿಲ್ಲ, ಎಷ್ಟು ಕಡೆ ಹುಡುಕಿದಾಗ ಇಪ್ಪತ್ತೇಳು ಎಂಬುದರ ಜೊತೆಗಷ್ಟೇ ಅದಕ್ಕೆ ಅರ್ಥ ಎಂಬುದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಯಿತು. ಶರಣಬಸವೇಶ್ವರ ಜಾತ್ರೆಯ ಜನಜಂಗುಳಿಯಲ್ಲಿ ಕೆಂಪು ಪಟಕಾ ಕಂಡಕೂಡಲೇ ಅದು ಸೋದರಮಾವನೇ ಎಂದು ಹೇಳಲಾಗದು, ಅವನಿದ್ದರೆ ಪಕ್ಕದಲ್ಲಿ ಅತ್ತೆಯೂ ಮಕ್ಕಳೂ ಇರಬೇಕಲ್ಲ ಎಂದು ಒಬ್ಬ ವಿದ್ಯಾರ್ಥಿ ಹೇಳಿದ. ಸಮೀಕರಣಗಳಿಗಿಂತ ಚೆನ್ನಾಗಿ ಹೇಳಿದ.

ಅತ್ತೆ ಮತ್ತು ಮಕ್ಕಳ ಪ್ರಶ್ನೆಯನ್ನೇ 2005ರಲ್ಲಿ ಲೂಯಿಸ್ ಸ್ನೈಡರ್ ನೇತೃತ್ವದ ತಂಡ ಕೇಳಿತ್ತು. ಈ ತಂಡದ ರಚನೆಯನ್ನು ಗಮನಿಸಬೇಕು. ಸ್ನೈಡರ್ 1969ರಲ್ಲಿ ಫಾರ್ಮಾಲ್ಡಿಹೈಡ್ ಕಂಡುಹಿಡಿದವರಲ್ಲಿ ಒಬ್ಬರು. 1990ರ ದಶಕದಲ್ಲಿ ಇದೇ ಸ್ಯಾಜಿಟೇರಿಯಸ್ ಬಿ2 ಬಗ್ಗೆ ಕುವಾನ್ ಜೊತೆಗೂಡಿ ಪ್ರಬಂಧಗಳನ್ನು ಬರೆದವರು. ಸಹಲೇಖಕ ಫ್ರಾಂಕ್ ಲೋವಾಸ್ 1978ರಲ್ಲಿ ಗ್ಲೈಸಿನ್‌ನ ರೇಖೆಗಳನ್ನು ಪ್ರಯೋಗಾಲಯದಲ್ಲಿ ಅಳೆದವರ ಪೈಕಿ. ಗ್ಲೈಸಿನ್ ಸಿಗಲಿ ಎಂದು ಬಯಸಲು ಇವರಿಗಿಂತ ಹೆಚ್ಚು ಕಾರಣವಿದ್ದವರು ಕಡಿಮೆ, ಹಾಗಾಗಿ ಅವರ ಸಂಶಯಕ್ಕೆ ಹೆಚ್ಚು ತೂಕ.

ಅವರು ಮುಂದಿಟ್ಟ ಮಾನದಂಡಗಳನ್ನು ನಮ್ಮ ವಿದ್ಯಾರ್ಥಿಗಳು ಒಂದೊಂದಾಗಿ ಅನ್ವಯಿಸಿ ನೋಡಿದರು. ಪ್ರಯೋಗಾಲಯದ ಆವೃತ್ತಿ ಕೋಟಿಯಲ್ಲಿ ಒಂದು ಭಾಗದಷ್ಟು ನಿಖರವಾಗಿರಬೇಕು ಎಂಬ ಮೊದಲನೆಯದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಎರಡನೆಯದು ವೇಗಕ್ಕೆ ಸಂಬಂಧಿಸಿದ್ದು. ಸ್ಯಾಜಿಟೇರಿಯಸ್ ಬಿ2 ಉತ್ತರ ಭಾಗ ನಮ್ಮಿಂದ ಸೆಕೆಂಡಿಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಸರಿಯುತ್ತಿರುವುದರಿಂದ 100 ಗಿಗಾಹರ್ಟ್ಸ್‌ನ ರೇಖೆ 21 ಮೆಗಾಹರ್ಟ್ಸ್‌ನಷ್ಟು ಕೆಳಗೆ ಕಾಣುತ್ತದೆ. ಒಂದೇ ಅಣುವಿನ ಎಲ್ಲ ರೇಖೆಗಳೂ ಇದೇ ವೇಗವನ್ನು ಹೇಳಬೇಕು. ಒಂದು ರೇಖೆ 60 ಎಂದು, ಇನ್ನೊಂದು 68 ಎಂದು ಹೇಳಿದರೆ ಅವೆರಡೂ ಒಂದೇ ಅನಿಲದಿಂದ ಬಂದವೆಂದು ನಂಬುವುದು ಕಷ್ಟ.

ಮೂರನೆಯದರಲ್ಲಿ, ಅಂದರೆ ದೂರದರ್ಶಕದ ನೋಟದ ಅಗಲದ ವಿಷಯದಲ್ಲಿ, ವಿದ್ಯಾರ್ಥಿಗಳು ಬಹಳ ಹೊತ್ತು ನಿಂತರು. 12 ಮೀಟರ್ ತಟ್ಟೆ 100 ಗಿಗಾಹರ್ಟ್ಸ್‌ನಲ್ಲಿ ಆಕಾಶದ ಸುಮಾರು 60 ಆರ್ಕ್‌ಸೆಕೆಂಡ್ ಅಗಲವನ್ನು ಒಟ್ಟಿಗೇ ನೋಡುತ್ತದೆ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). 240ರಲ್ಲಿ ಸುಮಾರು 26 ಆರ್ಕ್‌ಸೆಕೆಂಡ್. ಕಾದ ಗರ್ಭವೋ ಕೆಲವೇ ಆರ್ಕ್‌ಸೆಕೆಂಡಿನಷ್ಟು. ಹಾಗಾಗಿ ಎರಡೂ ಆವೃತ್ತಿಗಳಲ್ಲಿ ಅದರ ಬೆಳಕು ಸುತ್ತಲಿನ ಖಾಲಿ ಜಾಗದೊಂದಿಗೆ ಬೆರೆತು ತೆಳುವಾಗುತ್ತದೆ, ಆದರೆ ಕೆಳಗಿನ ಆವೃತ್ತಿಯಲ್ಲಿ ಐದು ಪಟ್ಟಿಗಿಂತ ಹೆಚ್ಚು ತೆಳುವಾಗುತ್ತದೆ. ಈ ವ್ಯತ್ಯಾಸವನ್ನು ಸರಿಪಡಿಸದೆ 100ರ ರೇಖೆಯ ಎತ್ತರವನ್ನು 240ರ ರೇಖೆಯ ಎತ್ತರದೊಡನೆ ಹೋಲಿಸುವಂತಿಲ್ಲ. ನಾಲ್ಕನೆಯ ಮಾನದಂಡ, ಅಂದರೆ ರೇಖೆಗಳ ಎತ್ತರಗಳ ಪರಸ್ಪರ ಅನುಪಾತ, ಸಿದ್ಧಾಂತಕ್ಕೆ ಒಪ್ಪಬೇಕು ಎಂಬುದು ಈ ತಿದ್ದುಪಡಿಯ ನಂತರವೇ ಪರಿಶೀಲನೆಗೆ ಬರುತ್ತದೆ.

ತಾಪಮಾನದ ನಕ್ಷೆಯ ಬಗ್ಗೆಯೂ ಇಲ್ಲೇ ಹೇಳಬೇಕು, ಏಕೆಂದರೆ ಕರಡು ಬರೆದ ವಿದ್ಯಾರ್ಥಿನಿಗೆ ಅತ್ಯಂತ ಬಲವಾಗಿ ಕಂಡ ಸಾಕ್ಷ್ಯ ಅದೇ. ರೇಖೆಗಳ ಎತ್ತರದ ಲಾಗರಿದಮ್ ಅನ್ನು ಅವುಗಳ ಶಕ್ತಿಯ ಎದುರು ಗುರುತಿಸಿದಾಗ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯ ಮೇಲೆ ಬಿದ್ದವು. ಹಾಗಾದರೆ ಅವು ಒಂದೇ ಅಣುವಿನವು ತಾನೇ? ಸ್ನೈಡರ್ ತಂಡದ ಆಕ್ಷೇಪ ಇಲ್ಲಿ ನೇರವಾಗಿತ್ತು: ಆ ನಕ್ಷೆ ಈಗಾಗಲೇ ಗುರುತಿಸಿದ ಅಣುವಿನ ತಾಪಮಾನ ಅಳೆಯುವ ಸಾಧನವೇ ಹೊರತು ಅಣುವನ್ನು ಗುರುತಿಸುವ ಸಾಧನವಲ್ಲ. ಲಾಗರಿದಮ್ ಅಕ್ಷವು ಎರಡು ಪಟ್ಟು, ಮೂರು ಪಟ್ಟು ವ್ಯತ್ಯಾಸಗಳನ್ನು ಸಣ್ಣ ಅಂತರಗಳಾಗಿ ಕುಗ್ಗಿಸುತ್ತದೆ, ಮತ್ತು ಕಾಣದ ರೇಖೆಗಳಿಗೆ ಆ ನಕ್ಷೆಯಲ್ಲಿ ಬಿಂದುವೇ ಇರುವುದಿಲ್ಲ. ಈ ಎರಡನೆಯ ಕೊರತೆಯೇ ನನಗೆ ಇಡೀ ಪ್ರಕರಣದ ಮರ್ಮವೆನಿಸುತ್ತದೆ. ಕಂಡವುಗಳನ್ನು ಮಾತ್ರ ಸ್ವೀಕರಿಸುವ ಪರೀಕ್ಷೆಯಲ್ಲಿ ಯಾವ ಅಣುವೂ ನಪಾಸಾಗುವುದಿಲ್ಲ.

ಐದನೆಯ ಮಾನದಂಡ ಆ ಕೊರತೆಯನ್ನು ತುಂಬುತ್ತದೆ. ಹೇಳಿದ ತಾಪಮಾನದಲ್ಲಿ ಹೇಳಿದಷ್ಟು ಗ್ಲೈಸಿನ್ ಇದ್ದರೆ ಯಾವ ಯಾವ ರೇಖೆಗಳು ಗೋಚರ ಮಟ್ಟದಲ್ಲಿ ಇರಲೇಬೇಕು ಎಂದು ಮೊದಲು ಲೆಕ್ಕ ಹಾಕಿ, ನಂತರ ಅವೆಲ್ಲವನ್ನೂ ಹುಡುಕಬೇಕು. ಬೇರೆ ಅಣುವಿನ ದಪ್ಪ ರೇಖೆಯ ಅಡಿಯಲ್ಲಿ ಹುದುಗಿದ್ದರೆ ಅದಕ್ಕೆ ವಿನಾಯಿತಿ ಉಂಟು. ಖಾಲಿ ಜಾಗದಲ್ಲಿ ಕಾಣದಿದ್ದರೆ ವಿನಾಯಿತಿಯಿಲ್ಲ. ಈ ಪರೀಕ್ಷೆಯಲ್ಲಿ ಗ್ಲೈಸಿನ್ ಉಳಿಯಲಿಲ್ಲ. ಗುರುತಿಸುವಿಕೆಗೆ ಅತ್ಯಗತ್ಯವಾದ ಪ್ರಮುಖ ರೇಖೆಗಳು ಸಿಕ್ಕಿಲ್ಲವೆಂಬುದು 2005ರ ಪ್ರಬಂಧದ ತೀರ್ಮಾನ. ಆಮೇಲೆ ಆಸ್ಟ್ರೇಲಿಯಾದ ದೂರದರ್ಶಕಗಳಿಂದ ನಡೆದ ಹುಡುಕಾಟಗಳಲ್ಲೂ ಗ್ಲೈಸಿನ್ ದೊರೆಯಲಿಲ್ಲ.

ಮೂರು ಮೋಡಗಳ ವಾದ ಉಳಿದಿತ್ತು. ಒಂದೇ ರೇಖೆ ಮೂರು ಕಡೆ ಕಂಡರೆ ಅದು ಕಾಕತಾಳೀಯವಾಗಲಾರದು ಎಂಬುದು ವಿದ್ಯಾರ್ಥಿನಿಯ ಕೊನೆಯ ಪಟ್ಟು, ಮತ್ತು ಅದು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಈ ಮೂರು ಮೋಡಗಳೂ ಒಂದೇ ಬಗೆಯ ಕಾದ ಗರ್ಭಗಳು. ಮೀಥೈಲ್ ಫಾರ್ಮೇಟ್, ಈಥೈಲ್ ಸಯನೈಡ್, ವಿನೈಲ್ ಸಯನೈಡ್ ಮೂರರಲ್ಲೂ ಹೇರಳ. ಇಂಥ ಅಣುವೊಂದರ ದುರ್ಬಲ ರೇಖೆ ಗ್ಲೈಸಿನ್‌ನ ಜಾಗದಲ್ಲಿ ನಿಂತಿದ್ದರೆ ಅದು ಮೂರು ಕಡೆಯೂ ನಿಂತಿರುತ್ತದೆ. ಮೋಡಗಳು ಬೇರೆಯಾದರೂ ಸಾಕ್ಷಿ ಒಂದೇ ಆಗಿಬಿಡುವ ಸಾಧ್ಯತೆ ಇದು. ಅವಳು ಇದನ್ನು ಒಪ್ಪಿದಳು, ಆದರೆ ಕೂಡಲೇ ಅಲ್ಲ. ವಿನೈಲ್ ಸಯನೈಡ್‌ನ ಪಟ್ಟಿಯನ್ನು ಕಲೋನ್‌ನ ಕೋಷ್ಟಕದಿಂದ ತೆಗೆದು ಗ್ಲೈಸಿನ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆ.

ಇಷ್ಟರಿಂದ ಕರಡಿನ ವಾಕ್ಯ ಬೀಳುತ್ತದೆ, ಆದರೆ ಫಲಕ ಖಾಲಿಯಾಗಬೇಕಾಗಿಲ್ಲ. ಇದೇ ಮಾನದಂಡಗಳನ್ನು ದಾಟಿ ಉಳಿದ ಅಣುಗಳು ಸಾಕಷ್ಟಿವೆ. ಅತಿ ಸರಳ ಸಕ್ಕರೆಯಂಥ ಗ್ಲೈಕಾಲ್ಡಿಹೈಡ್ ಅನ್ನು 2000ದಲ್ಲಿ ಹಾಲಿಸ್, ಲೋವಾಸ್ ಮತ್ತು ಜ್ಯೂವೆಲ್ ಸ್ಯಾಜಿಟೇರಿಯಸ್ ಬಿ2ದಲ್ಲಿ ಕಂಡರು; 2012ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ಸಮೂಹವು ಸೂರ್ಯನಂಥ ಎಳೆಯ ನಕ್ಷತ್ರವೊಂದರ ಸುತ್ತಲೂ ಅದನ್ನು ತೋರಿಸಿತು. ನೀರಿನೊಡನೆ ವರ್ತಿಸಿ ಗ್ಲೈಸಿನ್ ಕೊಡಬಲ್ಲ ಅಮೈನೋ ಅಸಿಟೋನೈಟ್ರೈಲ್ 2008ರಲ್ಲಿ ಬೆಲ್ಲೋಶ್ ತಂಡಕ್ಕೆ ಸಿಕ್ಕಿತು. ಅವರು ಒಂದೇ ತಟ್ಟೆಯ ದೂರದರ್ಶಕದ ಸಾಕ್ಷ್ಯವನ್ನು ನಂಬಿ ಕೂರದೆ, ಹಲವು ತಟ್ಟೆಗಳನ್ನು ಜೋಡಿಸಿ ಒಂದಾಗಿ ನೋಡುವ ಇಂಟರ್‌ಫೆರೋಮೀಟರ್‌ಗಳಿಂದ ಆ ರೇಖೆಗಳೆಲ್ಲ ಒಂದೇ ಪುಟ್ಟ ಜಾಗದಿಂದ ಬರುತ್ತಿವೆಯೆಂದು ಖಚಿತಪಡಿಸಿಕೊಂಡರು. 2016ರಲ್ಲಿ, ಕನ್ನಡಿ ಬಿಂಬಗಳಂತೆ ಎಡಗೈ-ಬಲಗೈ ಭೇದವಿರುವ ಮೊದಲ ಅಂತರತಾರಾ ಅಣುವಾಗಿ ಪ್ರೊಪಿಲೀನ್ ಆಕ್ಸೈಡ್ ದೊರೆಯಿತು. ಜೀವಕೋಶದ ಪೊರೆಯ ಕೊಬ್ಬುಗಳಲ್ಲಿ ಕಾಣುವ ಎಥನಾಲ್‌ಅಮೀನ್ ಅನ್ನು 2021ರಲ್ಲಿ ರಿವಿಯಾ ಮತ್ತು ಸಂಗಡಿಗರು ಆಕಾಶಗಂಗೆಯ ಕೇಂದ್ರದ ಬಳಿಯ ಇನ್ನೊಂದು ಮೋಡದಲ್ಲಿ ಗುರುತಿಸಿದರು. ಈ ಮೋಡದ ಆಯ್ಕೆಯಲ್ಲೇ ಜಾಣ್ಮೆಯಿದೆ: ಅಲ್ಲಿ ಅಣುಗಳ ಭ್ರಮಣ ಕೆಳಗಿನ ಕೆಲವೇ ಮೆಟ್ಟಿಲುಗಳಿಗೆ ಸೀಮಿತವಾಗಿರುವುದರಿಂದ ರೇಖೆಗಳ ಕಾಡು ವಿರಳ.

ಭಾರತದ ಉಲ್ಲೇಖ ಬೇಕೆಂದು ವಿಭಾಗದಲ್ಲಿ ಒತ್ತಾಯವಿತ್ತು. ಇಂಥ ಒತ್ತಾಯಗಳು ಸಾಮಾನ್ಯವಾಗಿ ಫಲಕವನ್ನು ಕೆಡಿಸುತ್ತವೆ, ಈ ಬಾರಿ ಹಾಗಾಗಲಿಲ್ಲ. ಕುವಾನ್ ಪ್ರಬಂಧ ಬಂದ ಅದೇ 2003ರಲ್ಲಿ ಜಯರಾಮ್ ಚೆಂಗಲೂರು ಮತ್ತು ನಿಸ್ಸೀಮ್ ಕಾಣೇಕರ್ ಪುಣೆ ಬಳಿಯ ಜೈಂಟ್ ಮೀಟರ್‌ವೇವ್ ರೇಡಿಯೋ ದೂರದರ್ಶಕದಿಂದ ಅದೇ ಸ್ಯಾಜಿಟೇರಿಯಸ್ ಬಿ2 ಪ್ರದೇಶವನ್ನು ನೋಡಿ, ಅಸಿಟಾಲ್ಡಿಹೈಡ್‌ನ 1065 ಮೆಗಾಹರ್ಟ್ಸ್ ರೇಖೆ ಅಲ್ಲಿ ವಿಶಾಲವಾಗಿ ಹರಡಿದೆಯೆಂದು ವರದಿ ಮಾಡಿದ್ದರು. ಮಿಲಿಮೀಟರ್ ತರಂಗಗಳಲ್ಲಿರುವಂಥ ರೇಖೆಗಳ ನೂಕುನುಗ್ಗಲು ಇಷ್ಟು ಕೆಳಗಿನ ಆವೃತ್ತಿಗಳಲ್ಲಿ ಇಲ್ಲದಿರುವುದು ಪಕ್ಕದಲ್ಲಿಟ್ಟು ತೋರಿಸಲು ಯೋಗ್ಯವಾದ ವ್ಯತ್ಯಾಸ.

ಫಲಕದ ಮೂಲೆಗೆ ಆಕಾಶದ ನಕ್ಷೆಯನ್ನೂ ಸೇರಿಸಲಾಯಿತು. ಕಲಬುರಗಿಯ ಅಕ್ಷಾಂಶ 17.3 ಡಿಗ್ರಿ ಉತ್ತರ. ಸ್ಯಾಜಿಟೇರಿಯಸ್ ಬಿ2 ಧನು ರಾಶಿಯಲ್ಲಿ ಖಗೋಳ ವಿಷುವದ್ವೃತ್ತದಿಂದ 28.4 ಡಿಗ್ರಿ ದಕ್ಷಿಣಕ್ಕಿದೆ. ಆದ್ದರಿಂದ ಅದು ನಮ್ಮ ದಕ್ಷಿಣ ದಿಗಂತದ ಮೇಲೆ 44 ಡಿಗ್ರಿ ಎತ್ತರಕ್ಕೆ ಬರುತ್ತದೆ, ಕಿಟ್ ಪೀಕ್‌ನಲ್ಲಿ ಬರುವುದು 30ಕ್ಕಷ್ಟೇ. ಇದನ್ನು ಕೇಳಿ ಹಿಗ್ಗಿದ ವಿದ್ಯಾರ್ಥಿಗಳಿಗೆ, ಮಿಲಿಮೀಟರ್ ಅಲೆಗಳನ್ನು ಗಾಳಿಯ ತೇವಾಂಶ ನುಂಗುತ್ತದೆ, ಆ ಭಾಗ ನಡುರಾತ್ರಿ ನೆತ್ತಿಯ ಸಾಲಿಗೆ ಬರುವ ಜೂನ್ ನಮಗೆ ಮಳೆಗಾಲ, ಆಲ್ಮಾ ಇರುವುದು 5,000 ಮೀಟರ್ ಎತ್ತರದ ಮರುಭೂಮಿಯಲ್ಲಿ ಎಂದು ನೆನಪಿಸಬೇಕಾಯಿತು. ಪ್ರದರ್ಶನದ ದಿನಗಳಾದ ಫೆಬ್ರವರಿ ಕೊನೆಯಲ್ಲಿ ಧನು ರಾಶಿ ಬೆಳಗಿನ ಜಾವ ಆಗ್ನೇಯದಲ್ಲಿ ಕಾಣುತ್ತದೆ; ಮೋಡವಂತೂ ಕಣ್ಣಿಗೆ ಕಾಣದು.

ಗ್ಲೈಸಿನ್ ಬಗ್ಗೆ ಏನನ್ನು ಬರೆಯಬೇಕು ಎಂಬಲ್ಲಿ ಎರಡು ಅಭಿಪ್ರಾಯಗಳಿದ್ದವು. ಪ್ರೌಢಶಾಲೆಯ ಮಕ್ಕಳು ಗೊಂದಲಕ್ಕೀಡಾಗುತ್ತಾರೆ, 2003ರ ಪ್ರಸ್ತಾಪವನ್ನೇ ಕೈಬಿಡೋಣ ಎಂಬುದು ಒಂದು. ನಾನು ಅದನ್ನು ಒಪ್ಪಲಿಲ್ಲ: ಮಕ್ಕಳು ಆ ಸುದ್ದಿಯನ್ನು ಹೇಗೂ ಎಲ್ಲಾದರೂ ಓದುತ್ತಾರೆ, ಅದರ ಮುಂದಿನ ಭಾಗವನ್ನು ಹೇಳುವವರು ಇಲ್ಲದಿರುವುದೇ ತೊಂದರೆ. ಇನ್ನೊಂದು ಅಪಾಯವೂ ಇತ್ತು. ಅಂತರತಾರಾ ಅನಿಲದಲ್ಲಿ ಸಿಕ್ಕಿಲ್ಲ ಎಂದಷ್ಟೇ ಬರೆದರೆ ಆಕಾಶದಲ್ಲಿ ಎಲ್ಲೂ ಇಲ್ಲವೆಂದು ಓದುವವರು ತಿಳಿಯಬಹುದು. ಆದರೆ 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಗ್ಲೈಸಿನ್ ಇದೆ, ಸ್ಟಾರ್‌ಡಸ್ಟ್ ನೌಕೆ ವೈಲ್ಡ್ 2 ಧೂಮಕೇತುವಿನಿಂದ ತಂದ ಮಾದರಿಯಲ್ಲಿ ಅದಿರುವುದನ್ನು 2009ರಲ್ಲಿ ಕಾರ್ಬನ್ ಐಸೊಟೋಪುಗಳ ಅನುಪಾತದಿಂದ ದೃಢಪಡಿಸಲಾಯಿತು, ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಸುತ್ತಲಿನ ಅನಿಲದಲ್ಲಿ ನೇರವಾಗಿ ಅಳೆದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲೆಲ್ಲ ವಸ್ತುವೇ ಉಪಕರಣದೊಳಗೆ ಬಂದಿತ್ತು. ಸುಮಾರು 26,000 ಜ್ಯೋತಿರ್ವರ್ಷ ದೂರದ ಮೋಡದಿಂದ ಬರುವುದು ಅಲೆಗಳಷ್ಟೇ. ಅಲ್ಲಿ ಗ್ಲೈಸಿನ್ ಹಿಮದೊಳಗೆ ಹುದುಗಿದ್ದರೆ ಅದು ತನ್ನ ಸುತ್ತ ತಿರುಗದು, ತಿರುಗದಿದ್ದರೆ ಅದರ ರೇಡಿಯೋ ರೇಖೆಗಳೂ ಇಲ್ಲ.

ಕೊನೆಗೆ ಮುದ್ರಣಕ್ಕೆ ಹೋದ ಪಠ್ಯ ಇದು: ‘ಗ್ಲೈಸಿನ್ ಉಲ್ಕಾಶಿಲೆಗಳಲ್ಲೂ ಧೂಮಕೇತುಗಳಲ್ಲೂ ದೊರೆತಿದೆ. ಅಂತರತಾರಾ ಮೋಡಗಳಲ್ಲಿ ಅದನ್ನು ಕಂಡೆವೆಂದು 2003ರಲ್ಲಿ ಒಂದು ತಂಡ ಹೇಳಿತು. ಅದು ನಿಜವಾಗಿದ್ದರೆ ಕಾಣಲೇಬೇಕಿದ್ದ ಕೆಲವು ರೇಖೆಗಳು ಕಾಣುತ್ತಿಲ್ಲವೆಂದು 2005ರಲ್ಲಿ ಇನ್ನೊಂದು ತಂಡ ತೋರಿಸಿತು. ಆದ್ದರಿಂದ ಅಂತರತಾರಾ ಗ್ಲೈಸಿನ್ ಅನ್ನು ಗುರುತಿಸಲಾದ ಅಣುಗಳ ಪಟ್ಟಿಗೆ ಸೇರಿಸಿಲ್ಲ.’ ಇದರ ಕೆಳಗೆ ವಿದ್ಯಾರ್ಥಿನಿ ತನ್ನ ಲೆಕ್ಕವನ್ನು ಪ್ರಶ್ನೆಯ ರೂಪದಲ್ಲಿ ಸೇರಿಸಿದಳು: ಹತ್ತು ಮೆಗಾಹರ್ಟ್ಸ್‌ಗೆ ಒಂದು ರೇಖೆ, ಪ್ರತಿ ರೇಖೆಯ ಅಗಲ ಮೂರು ಮೆಗಾಹರ್ಟ್ಸ್, ಇಲ್ಲದ ಅಣುವೊಂದರ ನೂರು ರೇಖೆಗಳಲ್ಲಿ ಎಷ್ಟು ‘ಸಿಗುತ್ತವೆ’? ಉತ್ತರವನ್ನು ಫಲಕದ ಹಿಂಬದಿಯಲ್ಲಿ ಅಂಟಿಸಲಾಯಿತು.